ಟೀ ವಿರಾಮಕ್ಕೆ ಯೋಗ ತಂದವರು

ಅವರು ನಿವೃತ್ತರಾಗಿ ಮೂರು ತಿಂಗಳಾಯಿತು. ಅವರ ದನಿ ಮಾತ್ರ ಇನ್ನೂ ನಿವೃತ್ತವಾಗಿಲ್ಲ. ಬೆಳಿಗ್ಗೆ ಹತ್ತಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಮಾನೇಸರದ ನಮ್ಮ ಕಾರ್ಖಾನೆಯ ಎಲ್ಲ ಸ್ಪೀಕರುಗಳಲ್ಲೂ ಅದು ಬರುತ್ತದೆ. "ಕಂಧೇ ಢೀಲೇ... ಗಹರೀ ಸಾಂಸ್ ಲೀಜಿಯೇ... ಅಬ್ ಧೀರೇ ಧೀರೇ ಛೋಡಿಯೇ." ಭುಜ ಸಡಿಲ ಬಿಡಿ, ಆಳವಾಗಿ ಉಸಿರೆಳೆಯಿರಿ, ಈಗ ಮೆಲ್ಲಗೆ ಬಿಡಿ ಎಂದು. ಮೂವತ್ತು ವರ್ಷ ಈ ಕಡೆ ಇದ್ದರೂ ಚನ್ನರಾಯಪಟ್ಟಣ ಬಿಟ್ಟುಕೊಡದ ಹಿಂದಿ ಅದು. ಹುಡುಗಿಯರು ಅದನ್ನು ಅಣಕಿಸುತ್ತಾರೆ. ನಾನು ಆ ಹೊತ್ತಿಗೆ ಸರಿಯಾಗಿ ಫೋನನ್ನು ಕಿವಿಗೊತ್ತಿಕೊಂಡು, ಯಾರೂ ಇಲ್ಲದ ಕರೆಗೆ ಹೂಂ ಹೂಂ ಅನ್ನುತ್ತಾ ಕಾರಿಡಾರಿಗೆ ಹೋಗಿಬಿಡುತ್ತೇನೆ. ಅವರ ಮೇಲೆ ನನಗೆ ಸಿಟ್ಟಿದೆ. ಅಷ್ಟು ಒಳ್ಳೆಯ ಮನುಷ್ಯರನ್ನು ಈ ಊರಿನಲ್ಲಿ ನಾನು ಇನ್ನೊಬ್ಬರನ್ನು ಕಂಡಿಲ್ಲ. ಸಿಟ್ಟಿಗೆ ಅದೂ ಒಂದು ಕಾರಣ.

ದೆಹಲಿಯ ದ್ವಾರಕಾದಿಂದ ಬೆಳಿಗ್ಗೆ ಆರೂಕಾಲಿಗೆ ಹೊರಡುವ ಕಂಪನಿ ಬಸ್ಸಿನಲ್ಲಿ ಅವರ ಪರಿಚಯವಾದದ್ದು. ನಾನು ತುಮಕೂರಿನವಳು, ಎಚ್.ಆರ್. ವಿಭಾಗಕ್ಕೆ ಸೇರಿ ಒಂದು ವಾರವಾಗಿತ್ತು. ಸ್ಟಾಪಿನ ಭಯ್ಯಾನ ಹತ್ತಿರ ಕಾಗದದ ಲೋಟದಲ್ಲಿ ಟೀ ಹಿಡಿದು ಹತ್ತಿದವಳು, ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಾ ಕುಡಿಯುತ್ತಿದ್ದೆ. ಮುಂದಿನ ಸೀಟಿನಲ್ಲಿ ತೆಳ್ಳಗಿನ, ನರೆತ ಮೀಸೆಯ ಒಬ್ಬರು ಕತ್ತನ್ನು ಬಲಕ್ಕೆ, ಎಡಕ್ಕೆ, ಹಿಂದಕ್ಕೆ ಹೊರಳಿಸುತ್ತಿದ್ದರು. ಹಿಂದಕ್ಕೆ ಬಾಗಿದಾಗ ನನ್ನನ್ನು ತಲೆಕೆಳಗಾಗಿ ನೋಡಿ, ಹಾಗೇ ನಿಂತರು.

"ತಿಂಡಿ ಆಯ್ತೇನಮ್ಮ?"

"ಇಲ್ಲ ಸರ್. ಕ್ಯಾಂಟೀನಲ್ಲಿ ತಿಂತೀನಿ."

"ಮತ್ತೆ ಟೀ ಯಾಕೆ ಕುಡೀತಿದೀಯ? ಖಾಲಿ ಹೊಟ್ಟೆಗೆ ಟೀ ಹಾಕೋದು ಅಂದ್ರೆ ಎಣ್ಣೆ ಬಿಡದೆ ಮೆಷಿನ್ ಓಡಿಸಿದ ಹಾಗೆ ಕಣಮ್ಮ. ಮೊದಲು ಬಿಸಿನೀರು. ಆಮೇಲೆ ಮೈ ಬಗ್ಗಿಸೋದು. ಆಮೇಲೆ ಹೊಟ್ಟೆಗೆ ಏನಾದ್ರೂ. ಟೀ ಯಾವಾಗ್ಲೂ ಕೊನೇಲಿ ಬರ್ಬೇಕು, ಮದುವೆ ಮನೆಗೆ ಯಜಮಾನ್ರು ಬರೋ ಹಾಗೆ."

ದೆಹಲಿಗೆ ಬಂದ ಮೇಲೆ ಮುಖಾಮುಖಿಯಾಗಿ ನಾನು ಕೇಳಿದ ಮೊದಲ ಕನ್ನಡ ಬೈಗುಳದ ರೂಪದಲ್ಲಿ ಸಿಕ್ಕಿತು. ಸಂತೋಷಕ್ಕೆ ಟೀಯನ್ನು ಕಿಟಕಿಯಿಂದ ಆಚೆ ಚೆಲ್ಲಿಬಿಟ್ಟೆ. "ಚೆಲ್ಲು ಅಂತ ಯಾರು ಹೇಳಿದ್ರು? ಆಮೇಲೆ ಕುಡಿ ಅಂದೆ" ಎಂದು ಅದಕ್ಕೂ ಬೈದರು.

ನಮ್ಮದು ಕಾರುಗಳ ವೈರಿಂಗ್ ಕಟ್ಟುಗಳನ್ನು ಜೋಡಿಸುವ ಕಾರ್ಖಾನೆ. ಅವರು ಅಲ್ಲಿ ಕ್ವಾಲಿಟಿ ವಿಭಾಗದ ಹಿರಿಯ ಎಂಜಿನಿಯರ್. ಯಾವ ಕೆಲಸವನ್ನು ಎಷ್ಟು ಸೆಕೆಂಡಿನಲ್ಲಿ, ಯಾವ ಕೈಯಿಂದ, ಯಾವ ಕ್ರಮದಲ್ಲಿ ಮಾಡಬೇಕು ಎಂದು ಒಂದು ಹಾಳೆಯ ಮೇಲೆ ಬರೆದು ಜೋಡಣೆಯ ಸಾಲಿನ, ನಮ್ಮ ಮಾತಿನಲ್ಲಿ ಲೈನಿನ, ತಲೆಗೆ ತೂಗುಹಾಕುತ್ತಾರೆ. ನಾವೆಲ್ಲ ಅದನ್ನು ಶೀಟು ಅನ್ನುತ್ತೇವೆ. ಕಾರ್ಖಾನೆಯ ಅರ್ಧಕ್ಕರ್ಧ ಶೀಟುಗಳು ಅವರ ಕೈಬರಹದವು. ಅವರ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕದಲ್ಲೇ ಒಂದು ಸ್ಟಾಪ್‌ವಾಚು. ದಿನವಿಡೀ ಯಾರಾದರೊಬ್ಬರ ಹಿಂದೆ ನಿಂತು ಅದನ್ನು ಒತ್ತುತ್ತಲೇ ಇರುತ್ತಿದ್ದರು. ಆದರೂ ಲೈನಿನ ಜನಕ್ಕೆ ಅವರ ಮೇಲೆ ಕೋಪವಿರಲಿಲ್ಲ, ಏಕೆಂದರೆ ಅಳತೆ ಹಾಕಿದ ಮೇಲೆ ಅವರು ಮೇಜನ್ನು ಎರಡು ಇಂಚು ಎತ್ತರಿಸುವಂತೆಯೋ, ವೈರಿನ ಡಬ್ಬಿಯನ್ನು ಕೈಗೆಟಕುವಂತೆ ಇಡುವಂತೆಯೋ ಯಾರ ಹತ್ತಿರವೂ ಜಗಳ ಮಾಡದೆ, ಮತ್ತೊಂದು ಶೀಟು ಬರೆದು ಮಾಡಿಸುತ್ತಿದ್ದರು.

ಆ ರೋಗ ಮನೆಯಲ್ಲೂ ಇತ್ತು. ದ್ವಾರಕಾದ ಅವರ ಫ್ಲಾಟಿಗೆ ಭಾನುವಾರ ಊಟಕ್ಕೆ ಹೋದರೆ ಮೊದಲು ಬಾಲ್ಕನಿಯಲ್ಲಿ ಆಸನ, ಆಮೇಲೆ ತಿಂಡಿ, ಆಮೇಲೆ ಅವರೇ ಮಾಡಿದ ಟೀ. ನೀರಿಗೆ ಶುಂಠಿ ಜಜ್ಜಿ ಹಾಕಿ ಕುದಿಸಿ, ಒಲೆ ಆರಿಸಿ, ಆಮೇಲೆ ಪುಡಿ ಹಾಕಿ ಮುಚ್ಚಿ, ಗಡಿಯಾರ ನೋಡುತ್ತಾ ಕೈಕಟ್ಟಿ ನಿಲ್ಲುವರು. ಹಾಲು ಬೇರೆ. ಸಕ್ಕರೆ ಕೇಳಿದವರಿಗೆ ಒಂದು ಉಪನ್ಯಾಸ. "ಈ ಊರಿನ ಭಯ್ಯಾಗಳು ಟೀನ ಹಿಂಸೆ ಮಾಡಿ ಕುದಿಸ್ತಾರೆ. ಬಾಣಂತಿ ಕಷಾಯ ಆಗುತ್ತೆ ಅದು" ಅನ್ನುವುದು ಅವರ ಖಾಯಂ ದೂರು. ಕಾಲೇಜಿಗೆ ಹೋಗುವ ಮಗಳು ಒಳಗಿನ ಕೋಣೆಯಿಂದಲೇ, "ದೇಖೋ, ಪಪ್ಪಾ ಕಾ ಚಾಯ್ ಲೆಕ್ಚರ್ ಶುರು. ಅಮ್ಮ, ನಾನು ಹೋಗ್ತೀನಿ, ಬಾಯ್" ಎಂದು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

ಅವರ ಮನೆಯವರು ನನ್ನ ಕಿವಿಯ ಹತ್ತಿರ ಬಂದು ಹೇಳಿದ್ದರು: "ನನ್ನ ಒಗ್ಗರಣೆಗೂ ಟೈಮ್ ಹಿಡೀತಾರಮ್ಮ. ಸಾಸಿವೆ ಸಿಡಿಯೋಕೆ ಇಷ್ಟು ಸೆಕೆಂಡ್ ಆಯ್ತು, ಬಾಣಲೆ ಬದಲಾಯಿಸು ಅಂತಾರೆ. ಇಪ್ಪತ್ತೆಂಟು ವರ್ಷ ಆಯ್ತು, ಅನ್ನಕ್ಕೆ ಉಪ್ಪು ಹಾಕಿದೀನೋ ಇಲ್ವೋ ಅಂತ ಮಾತ್ರ ಒಂದು ದಿನವೂ ಕೇಳಿಲ್ಲ." ಆಗ ನಕ್ಕಿದ್ದೆ. ಆಕೆ ಹೇಳಿದ್ದರಲ್ಲೇ ಎಲ್ಲವೂ ಇತ್ತು ಎಂದು ಈಗ ಅನ್ನಿಸುತ್ತದೆ. ಗಡಿಯಾರದ ಮುಳ್ಳಿಗೆ ಸಿಕ್ಕಿದ್ದಷ್ಟೇ ಅವರ ಕಣ್ಣಿಗೆ ಬೀಳುತ್ತಿತ್ತು.

ಯೋಗ ಅವರಿಗೆ ಶೋಕಿಯಾಗಿ ಬಂದದ್ದಲ್ಲ. ಮಗಳು ಕೂಸಾಗಿದ್ದಾಗ ಇದೇ ಮಾನೇಸರದ ಇನ್ನೊಂದು ಕಾರ್ಖಾನೆಯಲ್ಲಿ ನಿಂತು ನಿಂತು ಅವರ ಸೊಂಟ ಹಿಡಿದುಕೊಂಡಿತ್ತಂತೆ. ಮಗಳನ್ನು ಎತ್ತಿಕೊಳ್ಳಲಾಗದ ಸ್ಥಿತಿ. ಆಪರೇಷನ್ ಎಂದಿದ್ದರು ಡಾಕ್ಟರು. ಸೊಸೈಟಿಯ ಪಾರ್ಕಿನಲ್ಲಿ ಯೋಗ ಹೇಳಿಕೊಡುತ್ತಿದ್ದ ಹಿರಿಯರೊಬ್ಬರು ಆ ಡಾಕ್ಟರನ್ನೇ ಕೇಳಿಕೊಂಡು, ಎಚ್ಚರದಿಂದ ಒಂದೂವರೆ ವರ್ಷ ಬಗ್ಗಿಸಿ, ನಿಲ್ಲಿಸಿ, ಉಸಿರಾಡಿಸಿ ಇವರನ್ನು ನೆಟ್ಟಗೆ ಮಾಡಿದರು. ಆಸನ ಮುಗಿದ ಮೇಲೆ ಪಾರ್ಕಿನ ಬೆಂಚಿನ ಮೇಲೆ ಎಲ್ಲರೂ ಕೂತು ಫ್ಲಾಸ್ಕಿನ ಟೀ ಕುಡಿಯುವುದು ಅಲ್ಲಿನ ರೂಢಿ. "ಅರ್ಧ ವಾಸಿ ಮಾಡಿದ್ದು ಆಸನ, ಇನ್ನರ್ಧ ಆ ಬೆಂಚು" ಎಂದು ಇವರು ಹೇಳುತ್ತಿದ್ದರು. ಬಳಲಿದ ಮೈಗೆ ಮೊದಲು ಚಾಚು ಬೇಕು, ಆಮೇಲೆ ಬಿಸಿ ಬೇಕು, ಜೊತೆಗೆ ನಾಲ್ಕು ಜನ ಬೇಕು ಎಂಬುದು ಅವರ ಒಟ್ಟು ಸಿದ್ಧಾಂತ. ಈಗಲೂ ಅದರಲ್ಲಿ ನನಗೊಂದು ತಪ್ಪೂ ಕಾಣುವುದಿಲ್ಲ.

ಇಂಥವರ ಕಣ್ಣಿಗೆ ನಮ್ಮ ಕಾರ್ಖಾನೆಯ ಟೀ ವಿರಾಮ ಬಿದ್ದರೆ ಏನಾಗಬೇಕು? ವಿರಾಮ ಏಳು ನಿಮಿಷ. ಸೈರನ್ ಕೂಗಿದ ಕ್ಷಣ ಮುನ್ನೂರು ಜನ ಗ್ಲೌಸು ಕಿತ್ತೆಸೆದು ಓಡುತ್ತಾರೆ. ಟೀ ಟ್ರಾಲಿ ಶೆಡ್ಡಿನ ಆ ತುದಿಗೆ. ಸಾಲು ನಿಂತು, ಸುಡುವ ಟೀಯನ್ನು ಬಾಯಿಗೆ ಸುರಿದುಕೊಂಡು, ತುಟಿ ಒರೆಸುತ್ತಾ ವಾಪಸು ಓಡುತ್ತಾರೆ. ಎರಡನೇ ಸೈರನ್ನಿಗೆ ಕೈ ಮೇಜಿನ ಮೇಲಿರಬೇಕು. ಇಲ್ಲದಿದ್ದರೆ ಲೈನ್ ನಿಲ್ಲುತ್ತದೆ, ಲೈನ್ ನಿಂತರೆ ಕಾರಣ ಬರೆಯಬೇಕು.

"ಬಾಯಿ ಸುಟ್ಕೊಂಡು ಕುಡಿಯೋದು ಟೀ ಅಲ್ಲ ಕಣಮ್ಮ, ಶಿಕ್ಷೆ" ಎಂದು ಅವರು ಒಂದು ದಿನ ಬಸ್ಸಿನಲ್ಲಿ ಹೇಳಿದರು. "ಈ ಹೆಣ್ಣುಮಕ್ಕಳ ಭುಜ ನೋಡು. ಮೂವತ್ತಕ್ಕೇ ಅರವತ್ತಾಗಿದೆ. ನಿಂತ ಕಡೆ ನಾಲ್ಕು ನಿಮಿಷ ಕತ್ತು, ಭುಜ, ಮಣಿಕಟ್ಟು ಆಡಿಸಿ, ಆಮೇಲೆ ಕೂತು ಒಂದು ಟೀ ಕುಡಿದರೆ ಎಷ್ಟೋ ಜನಕ್ಕೆ ನನ್ನ ಗತಿ ಬರಲ್ಲ. ಹದಿನೈದು ನಿಮಿಷ ಕೇಳ್ತೀನಿ ನಾನು."

"ಕೇಳಿದ ತಕ್ಷಣ ಕೊಡ್ತಾರಾ ಸರ್?"

"ಸುಮ್ನೆ ಕೇಳಿದ್ರೆ ಕೊಡಲ್ಲ. ಅಳತೆ ಮಾಡಿ ಕೇಳಿದ್ರೆ ಯಾರೂ ಇಲ್ಲ ಅನ್ನೋಕಾಗಲ್ಲ."

ಒಂದು ತಿಂಗಳು ಅವರು ಟೀ ಸಾಲಿನ ಪಕ್ಕ ನಿಂತರು. ಸೈರನ್ನಿಗೆ ಒಂದು ಒತ್ತು, ಸಾಲು ಸೇರಿದಾಗ ಒಂದು, ಲೋಟ ಕೈಗೆ ಬಂದಾಗ ಒಂದು, ಲೋಟ ಬುಟ್ಟಿಗೆ ಬಿದ್ದಾಗ ಒಂದು. ಕೊನೆಗೆ ಎರಡು ಶೀಟು ತಯಾರಾದವು. ಮೊದಲನೆಯದು ಟೀಯದು: ಏಳು ನಿಮಿಷದಲ್ಲಿ ನಿಜವಾಗಿ ಟೀ ಕುಡಿಯಲು ಸಿಗುವುದು ಎರಡು ನಿಮಿಷ ನಲವತ್ತು ಸೆಕೆಂಡು, ಉಳಿದದ್ದೆಲ್ಲ ನಡಿಗೆಗೂ ಸಾಲಿಗೂ ಹೋಗುತ್ತದೆ. ಎರಡನೆಯದು ಯೋಗದ್ದು: ಕತ್ತು, ಭುಜ, ಮಣಿಕಟ್ಟು, ಸೊಂಟ, ಉಸಿರು, ಒಟ್ಟು ನಾಲ್ಕು ನಿಮಿಷ. ಪ್ರತಿಯೊಂದಕ್ಕೂ ಕೈಯಲ್ಲೇ ಬರೆದ ಪುಟ್ಟ ಚಿತ್ರ. ಚಿತ್ರದ ಹೆಂಗಸಿಗೆ ನಮ್ಮ ಯೂನಿಫಾರ್ಮಿನ ಟೋಪಿ ಕೂಡ ಹಾಕಿದ್ದರು. ಎರಡನ್ನೂ ಚೆನ್ನಾಗಿ ಟೈಪು ಮಾಡಿ, ಮೇಲೊಂದು ಟಿಪ್ಪಣಿ ಬರೆದು ಪ್ಲಾಂಟ್ ಹೆಡ್‌ಗೆ ತಲುಪಿಸಿದವಳು ನಾನು.

ಪ್ಲಾಂಟ್ ಹೆಡ್ ಕೆಟ್ಟವರೇನಲ್ಲ. ಕೂಡುವುದು ಕಳೆಯುವುದು ಚೆನ್ನಾಗಿ ಬಲ್ಲವರು. ಎರಡು ಹಾಳೆಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಂದು ನಿಮಿಷ ನೋಡಿ, ಮುಖ ಅರಳಿಸಿದರು. ನಡೆಯುವುದು ದಂಡ, ಕಾಯುವುದು ದಂಡ, ದಂಡವನ್ನು ತೆಗೆಯಬೇಕು ಎಂದು ಎಲ್ಲರಿಗೂ ಟ್ರೈನಿಂಗ್ ಕೊಟ್ಟವರು ನೀವೇ ಅಲ್ಲವೇ ಎಂದು ಇವರನ್ನು ಹಿಂದಿಯಲ್ಲಿ ಕೇಳಿದರು. ಟೀಯನ್ನೇ ಅವರವರ ಮೇಜಿಗೆ ತಂದುಕೊಟ್ಟರೆ ನಡಿಗೆಯೂ ಉಳಿಯಿತು, ಸಾಲೂ ಉಳಿಯಿತು. ಕುಡಿಯಲು ಎರಡು ನಿಮಿಷ ನಲವತ್ತು ಸೆಕೆಂಡು, ಯೋಗಕ್ಕೆ ನಾಲ್ಕು ನಿಮಿಷ. ಏಳರೊಳಗೇ ಆಯಿತಲ್ಲ! ಇನ್ನೂ ಇಪ್ಪತ್ತು ಸೆಕೆಂಡು ಮಿಕ್ಕಿತು. "ಕಮಾಲ್ ಕರ್ ದಿಯಾ ಆಪ್ ನೇ", ಅದ್ಭುತ ಮಾಡಿಬಿಟ್ಟಿರಿ ನೀವು, ಎಂದು ಎದ್ದು ಇವರ ಕೈ ಕುಲುಕಿದರು.

ಇವರು "ಸರ್, ಹದಿನೈದು..." ಎಂದು ಶುರು ಮಾಡಿದರು. ಅಷ್ಟರಲ್ಲಿ ಪ್ಲಾಂಟ್ ಹೆಡ್ ಇನ್ನೊಬ್ಬರಿಗೆ ಫೋನು ಮಾಡುತ್ತಿದ್ದರು. ನಾನು ಇವರ ಮುಖ ನೋಡಿದೆ, ಈಗ ಮೇಜು ಕುಟ್ಟುತ್ತಾರೆ ಎಂದುಕೊಂಡೆ. ಇವರು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು ಲೆಕ್ಕ ಸರಿಯಿದೆಯೇ ಎಂದು ಪರೀಕ್ಷಿಸುತ್ತಿದ್ದರು! ಆಚೆ ಬಂದ ಮೇಲೆ, "ಲೆಕ್ಕವೇನೋ ಸರಿಯಾಗೇ ಇದೆ ಕಣಮ್ಮ" ಅಂದರು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಮೇಲೂ, ವಿಗ್ರಹದ ಅಳತೆ ಸರಿಯಾಗಿದೆ ಅನ್ನುವವರನ್ನು ಏನು ಮಾಡುವುದು?

"ಸುಮ್ನೆ ಶುರುವಾಗ್ಲಿ" ಎಂದು ಬಸ್ಸಿನಲ್ಲಿ ತಮಗೆ ತಾವೇ ಸಮಾಧಾನ ಹೇಳಿಕೊಂಡರು. "ಜನಕ್ಕೆ ಒಳ್ಳೇದಾಗೋದು ಕಂಡ್ರೆ ಹೊತ್ತು ತಾನಾಗೇ ಜಾಸ್ತಿ ಮಾಡ್ತಾರೆ." ನನಗೂ ಹಾಗೇ ಅನ್ನಿಸಿತು, ಅಥವಾ ಅನ್ನಿಸಿದರೆ ಸುಲಭ ಎನ್ನಿಸಿತು. ಸುತ್ತೋಲೆ ಬರೆದೆ. ಆರೋಗ್ಯಕರ ಜೀವನಕ್ಕಾಗಿ ಟೀ ಮತ್ತು ಯೋಗ ಎಂಬ ತಲೆಬರಹ ನನ್ನದೇ. ಒಂದು ಲೋಟದಿಂದ ಹೊರಡುವ ಹಬೆ ಪದ್ಮಾಸನ ಹಾಕಿದಂತೆ ಚಿತ್ರ ಮಾಡಿಸಿದೆ. ಯೋಗದ ಸೂಚನೆಗಳನ್ನು ಸ್ಪೀಕರಿನಲ್ಲಿ ಹಾಕಬೇಕಿತ್ತು, ಸ್ಟುಡಿಯೋ ಎಲ್ಲಿತ್ತು ನಮಗೆ? ಮೀಟಿಂಗ್ ಕೋಣೆಯ ಏ.ಸಿ. ಆರಿಸಿ, ನನ್ನ ಫೋನಿನಲ್ಲೇ ಅವರ ದನಿ ಮುದ್ರಿಸಿಕೊಂಡೆವು. ಯೋಗ ದಿನದಂದು ಮುನ್ನೂರು ಜನ ಮೇಜಿನ ಪಕ್ಕ ಕೈ ಎತ್ತಿ ನಿಂತ ಫೋಟೋ ಹೆಡ್ ಆಫೀಸಿಗೆ ಹೋಯಿತು. ಒಳ್ಳೆಯ ಪದ್ಧತಿ ಎಂದು ಬಹುಮಾನ ಬಂತು. ಬೇರೆ ಊರಿನ ಪ್ಲಾಂಟುಗಳಿಂದ ನೋಡಲು ಜನ ಬಂದರು. ನನ್ನ ವಾರ್ಷಿಕ ವರದಿಯಲ್ಲಿ ಇದು ಮೊದಲ ಸಾಲು.

ಎರಡು ತಿಂಗಳಾದ ಮೇಲೆ ಒಂದು ದಿನ ಸುನೀತಾ ನನ್ನ ಕ್ಯಾಬಿನ್ನಿಗೆ ಬಂದಳು. ರೇವಾಡಿಯ ಕಡೆಯವಳು, ಮೂರನೇ ಲೈನಿನಲ್ಲಿ ಆರು ವರ್ಷದಿಂದ ಕೆಲಸ. ಇವರು ನನ್ನ ಎದುರಿಗೆ ಕೂತು ಯಾವುದೋ ಪಟ್ಟಿ ನೋಡುತ್ತಿದ್ದರು. ಅವಳು ರಜೆಯ ಚೀಟಿ ಕೊಟ್ಟಳು, ಹೋಗಲಿಲ್ಲ. ಇವರನ್ನು ನೋಡಿ ತಲೆಯ ಮೇಲಿನ ಓಢಣಿ ಸರಿಮಾಡಿಕೊಂಡು ನನಗೆ ಹೇಳಿದಳು:

"ಮೇಡಮ್, ಏಕ್ ಬಾತ್ ಪೂಛನೀ ಥೀ. ಬಾಥ್ರೂಮ್ ಕಬ್ ಜಾಯೇಂ?"

ಬಾತ್‌ರೂಮಿಗೆ ಯಾವಾಗ ಹೋಗಬೇಕು. ಅಷ್ಟೇ ಪ್ರಶ್ನೆ. ಆಮೇಲೆ ಒಂದೊಂದಾಗಿ ಬಂತು. ಮೊದಲು ಹೆಂಗಸರಲ್ಲಿ ಅರ್ಧ ಜನ ಸೈರನ್ ಕೂಗಿದೊಡನೆ ಟೀ ಕಡೆಗಲ್ಲ, ಬಾತ್‌ರೂಮಿನ ಕಡೆಗೆ ಓಡುತ್ತಿದ್ದರು. ಅದು ಶೆಡ್ಡಿನ ಇನ್ನೊಂದು ತುದಿಯಲ್ಲಿದೆ. ಹೋಗಿ ಬಂದು, ಹೊತ್ತು ಮಿಕ್ಕಿದರೆ ಗೆಳತಿ ಹಿಡಿದಿಟ್ಟ ಟೀ ಒಂದು ಗುಟುಕು. ಈಗ ಜಾಗ ಬಿಟ್ಟು ಕದಲುವಂತಿಲ್ಲ. ಟೀಮ್ ಲೀಡರ್ ಯೋಗಕ್ಕೆ ಹಾಜರಿ ಹಾಕುತ್ತಾನೆ. ಯೋಗದ ಹೊತ್ತಿನಲ್ಲಿ ಕಾಣದಿದ್ದರೆ ಹೆಸರಿನ ಮುಂದೆ ಕೆಂಪು ಚುಕ್ಕೆ. ಕೆಲಸದ ನಡುವೆ ಹೋಗಬಹುದು ಎಂದು ನಿಯಮವೇನೋ ಇದೆ, ಆದರೆ ಜಾಗಕ್ಕೆ ನಿಲ್ಲುವ ಬದಲಿ ಮೂವತ್ತು ಜನಕ್ಕೆ ಒಬ್ಬಳು. ಹಾಗಾಗಿ ಮೂರನೇ ಲೈನಿನವರು ಮೊದಲು ಟೀ ಬಿಟ್ಟರು. ಆಮೇಲೆ ನೀರು ಬಿಟ್ಟರು. ಬೆಳಿಗ್ಗೆ ಮನೆಯಲ್ಲಿ ಕುಡಿದದ್ದೇ, ಮತ್ತೆ ಸಂಜೆಗೆ. ಉರಿಮೂತ್ರವಾಗಿ ಅವಳು ಡಾಕ್ಟರ ಹತ್ತಿರ ಹೋದರೆ, ನೀರು ಚೆನ್ನಾಗಿ ಕುಡಿಯಿರಿ ಎಂದು ಬರೆದುಕೊಟ್ಟಿದ್ದರು. ಅದಕ್ಕೇ ಈ ರಜೆ.

ಇವರು ಪಟ್ಟಿಯಿಂದ ತಲೆ ಎತ್ತಿರಲಿಲ್ಲ. ಕಿವಿ ಕೆಂಪಾಗಿತ್ತು. ಅವಳು ಹೋದ ಮೇಲೆ ಪಟ್ಟಿಯನ್ನು ಮಡಚಿಟ್ಟರು.

"ನಾನು ಟೀ ಸಾಲಿಗೆ ಬಂದವರನ್ನ ಮಾತ್ರ ಅಳೆದೆ ಕಣಮ್ಮ. ಬರದೇ ಇದ್ದವರು ಎಲ್ಲಿಗೆ ಹೋದ್ರು ಅಂತ ನೋಡ್ಲೇ ಇಲ್ಲ."

ನನಗೆ ಕಿರುಚಬೇಕೆನ್ನಿಸಿತು. ಒಂದು ತಿಂಗಳು ಅಲ್ಲೇ ನಿಂತಿದ್ದಿರಲ್ಲ ಸರ್! ಸಾಲಿನಲ್ಲಿ ಹೆಂಗಸರು ಕಡಿಮೆ ಎಂದೂ ಕಾಣಲಿಲ್ಲವೇ? ಕೇಳಲಿಲ್ಲ, ಏಕೆಂದರೆ ಅದೇ ಪ್ರಶ್ನೆ ನನ್ನ ಕಡೆಗೂ ತಿರುಗುತ್ತಿತ್ತು. ಅವರು ಗಂಡಸು, ಹೊಳೆಯಲಿಲ್ಲ ಅನ್ನೋಣ. ನಾನು ಹೆಣ್ಣು. ಸುತ್ತೋಲೆ ಬರೆದವಳು. ಆಫೀಸಿನ ನಮಗೆ ಹತ್ತು ಹೆಜ್ಜೆಗೆ ಬಾತ್‌ರೂಮು, ಕೈತೊಳೆಯಲು ಪರಿಮಳದ ಸೋಪು, ಯಾರನ್ನೂ ಕೇಳಬೇಕಾಗಿಲ್ಲ. ಕೇಳಬೇಕಾಗಿಲ್ಲದವರಿಗೆ ಅದು ನೆನಪೂ ಆಗುವುದಿಲ್ಲ.

ಮಾರನೆಯ ದಿನ ಅವರು ಏನು ಮಾಡಿದರು? ಇನ್ನೊಂದು ಶೀಟು ಬರೆದರು. ಮೂರನೇ ಲೈನಿನಿಂದ ಬಾತ್‌ರೂಮಿಗೆ ಎಷ್ಟು ಹೆಜ್ಜೆ, ಎಷ್ಟು ಸೆಕೆಂಡು, ಯೋಗ ವಿರಾಮದ ಹೊರಗೆ ಬರಬೇಕು, ಹಾಜರಿ ಕೂಡದು, ಬೇಕಾದವರು ಮಾತ್ರ ಮಾಡಲಿ. ಎಲ್ಲವೂ ಸರಿಯೇ. ಆದರೆ ಜಗಳ ಆಡಬೇಕಾದ ಕಡೆಯಲ್ಲೆಲ್ಲ ಈ ಮನುಷ್ಯ ಹಾಳೆ ಬರೆದರು. ಶೆಡ್ಡಿನ ನಡುವೆ ನಿಂತು, ಇದು ನನ್ನ ತಪ್ಪು, ನಿಲ್ಲಿಸಿ ಎಂದು ಒಂದು ಸಲ ಕೂಗಿದ್ದರೆ ನಿಲ್ಲುತ್ತಿತ್ತೋ ಏನೋ. ಅವರ ಮಾತಿಗೆ ಅಲ್ಲಿ ಅಷ್ಟು ತೂಕವಿತ್ತು. ಶೀಟನ್ನು ನನ್ನ ಕೈಗೆ ಕೊಟ್ಟು, "ನಿನ್ನ ವಿಭಾಗದಿಂದಲೇ ಮೇಲೆ ಹೋದ್ರೆ ಚೆನ್ನಾಗಿರುತ್ತೆ" ಅಂದರು.

ಅದು ನನ್ನ ಡ್ರಾಯರಿನಲ್ಲಿ ಐದು ವಾರ ಇತ್ತು. ಬಹುಮಾನದವರು ಮತ್ತೊಮ್ಮೆ ಪರಿಶೀಲನೆಗೆ ಬರುವವರಿದ್ದರು, ನನ್ನ ಬಡ್ತಿಯ ಮಾತು ನಡೆಯುತ್ತಿತ್ತು. ಅವರು ಮೂರು ಸಲ ಕೇಳಿದರು.

"ಆ ಶೀಟು ಮೇಲಕ್ಕೆ ಹೋಯ್ತೇನಮ್ಮ?"

"ಪ್ರಾಸೆಸ್‌ನಲ್ಲಿದೆ ಸರ್."

ಪ್ರಾಸೆಸ್ ಎಂಬ ಮಾತಿನ ಮೇಲೆ ಅವರಿಗಿದ್ದ ನಂಬಿಕೆ ದೊಡ್ಡದು. ಅಚ್ಛಾ ಅಚ್ಛಾ ಎಂದು ತಲೆಯಾಡಿಸಿ ಹೋಗುತ್ತಿದ್ದರು. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಅವರು ಗದರಿಸಿದ್ದರೂ ನನಗೆ ಹಗುರವಾಗುತ್ತಿತ್ತು. ಬಸ್ಸಿನಲ್ಲಿ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಳ್ಳುವುದನ್ನು ಕಲಿತೆ. ಮುಂದಿನ ಸೀಟಿನಲ್ಲಿ ಕತ್ತು ಬಲಕ್ಕೆ, ಎಡಕ್ಕೆ ಹೊರಳುವುದು ರೆಪ್ಪೆಯ ಸಂದಿಯಿಂದ ಕಾಣುತ್ತಿತ್ತು.

ಲೈನಿನಲ್ಲಿ ಅವರ ಮರ್ಯಾದೆ ಇಳಿಯುತ್ತಾ ಬಂತು. ಮೊದಲೆಲ್ಲ ಅವರು ನಡೆದು ಹೋದರೆ "ರಾಮ್ ರಾಮ್ ಸರ್‌ಜೀ" ಎಂದು ಸಾಲಾಗಿ ಕೇಳುತ್ತಿತ್ತು. ಈಗ ಅವರು ಬಂದರೆ ಯಾರಾದರೊಬ್ಬಳು ಮೆಲ್ಲಗೆ "ಗಹರೀ ಸಾಂಸ್" ಅನ್ನುತ್ತಾಳೆ, ಪಕ್ಕದವಳು ಮುಸಿಮುಸಿ ನಗುತ್ತಾಳೆ. ಅವರು ಸ್ಟಾಪ್‌ವಾಚನ್ನು ಮೇಜಿನ ಖಾನೆಗೆ ಹಾಕಿಬಿಟ್ಟರು. ಮನೆಯಲ್ಲಿ ಭಾನುವಾರದ ಟೀ ಮಾಡುವುದೂ ನಿಂತಿತು. "ಏನಾಗಿದೆಯಮ್ಮ ಇವರಿಗೆ? ಒಗ್ಗರಣೆ ಸೀದು ಹೋದ್ರೂ ಕೇಳ್ತಿಲ್ಲ" ಎಂದು ಅವರ ಮನೆಯವರು ನನಗೆ ಫೋನು ಮಾಡಿದರು. ಏನೂ ಇಲ್ಲ ಆಂಟಿ, ರಿಟೈರ್‌ಮೆಂಟ್ ಹತ್ತಿರ ಬಂತಲ್ಲ ಎಂದೆ.

ಕೊನೆಗೆ ನಾಚಿಕೆಯಾಗಿ ಶೀಟನ್ನು ಪ್ಲಾಂಟ್ ಹೆಡ್‌ಗೆ ಕೊಟ್ಟೆ, ಇವರನ್ನೂ ಕರೆದುಕೊಂಡು ಹೋದೆ. ಪ್ಲಾಂಟ್ ಹೆಡ್ ಓದಿದರು. ಕೆಲಸದ ನಡುವೆ ಹೋಗಲು ಅವಕಾಶ ಇದ್ದೇ ಇದೆಯಲ್ಲ ಅಂದರು. ಬಹುಮಾನ ಬಂದ ಪದ್ಧತಿಯನ್ನು ಬದಲಾಯಿಸಿದರೆ ಹೆಡ್ ಆಫೀಸಿಗೆ ಏನು ಹೇಳುವುದು ಅಂದರು. ಆಮೇಲೆ ನಗುತ್ತಾ, ನಿಮ್ಮ ಮೊದಲ ಶೀಟು ತಪ್ಪೋ ಈ ಶೀಟು ತಪ್ಪೋ ಎಂದು ಕೇಳಿದರು. ಇವರು ಉತ್ತರ ಕೊಡಲು ಬಾಯಿ ತೆರೆದು, ನನ್ನ ಕಡೆ ನೋಡಿದರು. ನಾನು ಡೈರಿಯಲ್ಲಿ ಏನೋ ಬರೆದುಕೊಳ್ಳುತ್ತಿದ್ದೆ. ಆ ಡೈರಿಯ ಪುಟ ಈಗಲೂ ನನ್ನ ಹತ್ತಿರ ಇದೆ. ಒಂದೇ ಗೆರೆಯನ್ನು ಮತ್ತೆ ಮತ್ತೆ ಎಳೆದಿದ್ದೇನೆ.

ಅವರ ಕೊನೆಯ ದಿನ ಬಂತು. ಕಾನ್ಫರೆನ್ಸ್ ಕೋಣೆಯಲ್ಲಿ ಕೇಕು, ಸಮೋಸಾ, ಶಾಲು. ಕಂಪನಿಯ ಹೆಸರು ಬರೆದ ಒಂದು ಯೋಗ ಮ್ಯಾಟು, ಒಂದು ಡಬ್ಬಿ ಗ್ರೀನ್ ಟೀ. ಆರಿಸಿ ತಂದವಳು ನಾನೇ, ಬೇರೆ ಏನೂ ಹೊಳೆಯಲಿಲ್ಲ. ನಿಮಗೆ ಇನ್ನೇನು ಬೇಕು ಕೇಳಿ ಎಂದು ಪ್ಲಾಂಟ್ ಹೆಡ್ ಧಾರಾಳವಾಗಿ ಹೇಳಿದರು. ಇವರು ಮೆಲ್ಲಗೆ ಕೇಳಿದರು: ಇವತ್ತು ಮೂರು ಗಂಟೆಗೆ ಸ್ಪೀಕರ್ ಹಾಕುವುದು ಬೇಡ. ಹಾಜರಿಯೂ ಬೇಡ. ಒಂದು ದಿನ. ಎಲ್ಲರೂ ನಕ್ಕರು. ಪ್ಲಾಂಟ್ ಹೆಡ್ ಕೂಡ ನಕ್ಕು, ಚಲೋ, ಇಷ್ಟೇನಾ ಎಂದು ಒಪ್ಪಿದರು.

ಮೂರಕ್ಕೆ ಐದು ನಿಮಿಷವಿರುವಾಗ ಅವರು ನನ್ನನ್ನೂ ಕರೆದುಕೊಂಡು ಮೂರನೇ ಲೈನಿನ ತುದಿಗೆ ಹೋದರು. ಹೆಗಲ ಮೇಲೆ ಇನ್ನೂ ಶಾಲು ಇತ್ತು. ಸೈರನ್ ಕೂಗಿತು, ಸ್ಪೀಕರು ಸುಮ್ಮನಿತ್ತು. ಹೆಂಗಸರು ಒಂದು ಕ್ಷಣ ಕೈ ಎತ್ತಲೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೀಮ್ ಲೀಡರ್ ಇವತ್ತು ಇಲ್ಲ ಎಂದು ಸನ್ನೆ ಮಾಡಿದ. ಎಲ್ಲರೂ ಗ್ಲೌಸು ತೆಗೆದರು. ಅಷ್ಟರಲ್ಲಿ ಇವರು ಬಾತ್‌ರೂಮಿಗೆ ಹೋಗುವ ಹಾದಿಯ ನಟ್ಟನಡುವೆ ನಿಂತು, ಕೈಮುಗಿದು, ಮಾತು ಶುರು ಮಾಡಿದರು.

"ಬಹನೋಂ, ಮುಝ್ ಸೇ ಏಕ್ ಗಲತೀ ಹುಯೀ..."

ತಪ್ಪಾಗಿದೆ ಎಂದರು. ಅಳತೆ ಹೇಗೆ ತಪ್ಪಿತು ಎಂದು ವಿವರಿಸತೊಡಗಿದರು. ಮೊದಲ ಶೀಟು, ಎರಡನೇ ಶೀಟು, ಹದಿನೈದು ನಿಮಿಷ ಕೇಳಿದ್ದು. ತಮ್ಮ ಸೊಂಟದ ಕತೆ. ಪಾರ್ಕಿನ ಬೆಂಚು. ಕಣ್ಣು ತುಂಬಿತ್ತು. ಲೈನಿನ ಜನದ ಮುಂದೆ ಅವರು ಅಷ್ಟು ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ. ಹೆಂಗಸರು ಮರ್ಯಾದೆಗೆ ನಿಂತಿದ್ದರು. ಒಂದು ನಿಮಿಷವಾಯಿತು. ಎರಡಾಯಿತು. ಹಿಂದಿನ ಸಾಲಿನಲ್ಲೊಬ್ಬಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಿದ್ದಳು. ಸುಮ್ಮನಿರಿ ಸರ್, ಸಾಕು, ದಮ್ಮಯ್ಯ ಎಂದು ನನ್ನ ನಾಲಿಗೆಯ ತುದಿಯವರೆಗೂ ಬಂತು. ಎಂದಿನಂತೆ ಬಾಯಿಂದ ಆಚೆ ಬರಲಿಲ್ಲ.

ಸುನೀತಾ ಒಂದು ಹೆಜ್ಜೆ ಮುಂದೆ ಬಂದಳು. ಸಿಟ್ಟೇನೂ ಇರಲಿಲ್ಲ ಅವಳಿಗೆ. ಮನೆಯ ಹಿರಿಯರಿಗೆ ಹೇಳುವ ಹಾಗೆ ಹೇಳಿದಳು.

"ಸರ್‌ಜೀ, ಮಾಫೀ ಬಾದ್ ಮೇಂ ಮಾಂಗ್ ಲೇನಾ. ಟೈಮ್ ಜಾ ರಹಾ ಹೈ."

ಕ್ಷಮೆ ಆಮೇಲೆ ಕೇಳಿಕೊಳ್ಳಿ, ಹೊತ್ತು ಹೋಗುತ್ತಿದೆ. ಅವರ ಬಾಯಿ ಅರ್ಧ ವಾಕ್ಯಕ್ಕೆ ತೆರೆದುಕೊಂಡೇ ನಿಂತಿತು. ಹೆಂಗಸರು ಆಗಲೇ ಓಡಲು ಶುರು ಮಾಡಿದ್ದರು, ಅವರ ಎಡಬಲಕ್ಕೆ ನುಸುಳಿಕೊಂಡು, ಓಢಣಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ. ಯಾರದೋ ಭುಜ ತಗುಲಿ ಶಾಲು ಕೆಳಗೆ ಬಿತ್ತು. ಅದನ್ನೆತ್ತಿಕೊಳ್ಳಲೂ ಬಗ್ಗದೆ ಅವರು ಸರಸರನೆ ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ಗೋಡೆಗೆ ಬೆನ್ನು ಒತ್ತಿಕೊಂಡು, ಹೊಟ್ಟೆ ಒಳಗೆಳೆದುಕೊಂಡು, ದಾರಿ ಬಿಟ್ಟರು. ಆ ಹೆಂಗಸರಿಗಾಗಿ ಅವರು ಮಾಡಹೊರಟ ಎಲ್ಲ ಕೆಲಸಗಳಲ್ಲಿ ಸರಿಯಾಗಿ ಆದದ್ದು ಅದೊಂದೇ.